ರಂಗದ ಮೇಲೆ ಗತಕಾಲ: ಐತಿಹಾಸಿಕ ನಾಟಕಗಳಿಗೆ ಉಡುಪು ವಿನ್ಯಾಸ ಮಾಡುವ ಬಗೆ

ಗತಕಾಲದ ಕಥೆಯುಳ್ಳ ನಾಟಕಕ್ಕೆ ಉಡುಪು ವಿನ್ಯಾಸ ಮಾಡಲು ಹೊರಟವರ ಕೈ ಸಾಮಾನ್ಯವಾಗಿ ಮೊದಲು ಹೋಗುವುದು ಜರಿ, ಕಸೂತಿ, ಒಡವೆ, ಗುಂಡಿಗಳ ಕಡೆಗೆ. ಪ್ರೇಕ್ಷಾಗೃಹದ ಹಿಂದಿನ ಸಾಲುಗಳಲ್ಲಿ ಕುಳಿತವರಿಗೆ ಇವುಗಳಲ್ಲಿ ಬಹುಪಾಲು ಕಾಣುವುದೇ ಇಲ್ಲ. ಅವರ ಕಣ್ಣಿಗೆ ಬೀಳುವುದು ಪಾತ್ರದ ಹೊರರೇಖೆ: ಭುಜ ಎಷ್ಟು ಅಗಲವಾಗಿದೆ, ಸೊಂಟದ ಗೆರೆ ಎದೆಯ ಕೆಳಗೇ ನಿಂತಿದೆಯೋ ನಡುವಿಗೆ ಇಳಿದಿದೆಯೋ, ಲಂಗ ಸುತ್ತಲೂ ಹರಡಿದೆಯೋ ಹಿಂಬದಿಗೆ ಮಾತ್ರ ಉಬ್ಬಿದೆಯೋ, ಕತ್ತು ಎಷ್ಟು ಕಾಣುತ್ತದೆ, ತಲೆಯ ಮೇಲಿನದು ಎಷ್ಟು ಎತ್ತರವಿದೆ. ಕಾಲಘಟ್ಟವನ್ನು ಆಕಾರದಲ್ಲಿ ಹಿಡಿಯಬೇಕು, ಆಕಾರವನ್ನು ಒಳಗಿನ ಕಟ್ಟಿನಲ್ಲಿ ಮತ್ತು ಬಟ್ಟೆಯ ಕತ್ತರಿಕೆಯಲ್ಲಿ ಹಿಡಿಯಬೇಕು. ಅಲಂಕಾರ ಕೊನೆಗೆ ಬರುವ ಕೆಲಸ. ಈ ಕ್ರಮ ತಲೆಕೆಳಗಾದರೆ ಎಷ್ಟು ಹಣ ಸುರಿದರೂ ನಟರು ಇಂದಿನವರಂತೆಯೇ ಕಾಣುತ್ತಾರೆ, ಮೈಮೇಲೆ ಹಳೆಯ ಕಾಲದ ಸಾಮಾನುಗಳಿರುತ್ತವೆ ಅಷ್ಟೆ.

ಪಾತ್ರಗಳು ಕಥೆಯ ಕಾಲದ ಉಡುಪನ್ನೇ ತೊಡಬೇಕೆಂಬ ನಿರೀಕ್ಷೆ ರಂಗಭೂಮಿಯಲ್ಲಿ ಅಷ್ಟು ಹಳೆಯದಲ್ಲ ಎಂಬುದನ್ನೂ ನೆನಪಿಡುವುದು ಒಳ್ಳೆಯದು. 18ನೇ ಶತಮಾನದ ಯುರೋಪಿನಲ್ಲಿ ಪ್ರಾಚೀನ ಕಾಲದ ಪಾತ್ರಗಳನ್ನೂ ನಟರು ಬಹುಮಟ್ಟಿಗೆ ತಮ್ಮ ಕಾಲದ ಉಡುಪಿನಲ್ಲೇ ಅಭಿನಯಿಸುತ್ತಿದ್ದರು. 1823ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಚಾರ್ಲ್ಸ್ ಕೆಂಬಲ್ ಅವರು ಷೇಕ್ಸ್‌ಪಿಯರನ ‘ಕಿಂಗ್ ಜಾನ್’ ನಾಟಕವನ್ನು ಆಡಿಸಿದಾಗ, ಜೆ.ಆರ್. ಪ್ಲಾಂಚೆ ಅವರು ಸಮಾಧಿಶಿಲ್ಪಗಳನ್ನೂ ಮುದ್ರೆಗಳನ್ನೂ ನೋಡಿ ಉಡುಪುಗಳನ್ನು ರೂಪಿಸಿದ್ದು ಈ ಹಾದಿಯ ಒಂದು ಮುಖ್ಯ ತಿರುವು. ಇತಿಹಾಸಕ್ಕೆ ನಿಷ್ಠವಾಗಿರುವುದು ರಂಗಭೂಮಿ ಮಾಡಿಕೊಂಡ ಒಂದು ಆಯ್ಕೆಯೇ ಹೊರತು ನಿಸರ್ಗನಿಯಮವಲ್ಲ. ಹಾಗಾಗಿ ಕೆಲಸದ ಮೊದಲ ದಿನವೇ ನಿರ್ದೇಶಕರೊಂದಿಗೆ ಕುಳಿತು, ಈ ಪ್ರಯೋಗಕ್ಕೆ ಎಷ್ಟು ನಿಷ್ಠೆ ಬೇಕು, ಎಲ್ಲಿ ಸರಳಗೊಳಿಸಬಹುದು, ಎಲ್ಲಿ ಬೇಕೆಂದೇ ಇತಿಹಾಸವನ್ನು ಬಿಟ್ಟುಕೊಡಬಹುದು ಎಂಬುದನ್ನು ಮಾತಾಡಿ ಬರೆದಿಟ್ಟುಕೊಳ್ಳಬೇಕು. ಆಮೇಲಿನ ಹತ್ತಾರು ಜಗಳಗಳು ಇದರಿಂದ ತಪ್ಪುತ್ತವೆ.

ನಾಟಕದ ಓದು

ನಾಟಕವನ್ನು ಮೊದಲ ಸಲ ಕಥೆಗಾಗಿ ಓದಿ. ಎರಡನೆಯ ಸಲ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಅಡ್ಡಸಾಲಿನಲ್ಲಿ ದೃಶ್ಯಗಳನ್ನೂ ಉದ್ದಸಾಲಿನಲ್ಲಿ ಪಾತ್ರಗಳನ್ನೂ ಬರೆದು ಒಂದು ದೊಡ್ಡ ಪಟ್ಟಿ ಮಾಡಿಕೊಂಡು, ಯಾರು ಯಾವ ದೃಶ್ಯದಲ್ಲಿ ಯಾವ ಉಡುಪಿನಲ್ಲಿರುತ್ತಾರೆ, ಒಂದು ನಿರ್ಗಮನಕ್ಕೂ ಮುಂದಿನ ಪ್ರವೇಶಕ್ಕೂ ನಡುವೆ ಎಷ್ಟು ಹೊತ್ತಿದೆ, ಆ ದೃಶ್ಯದಲ್ಲಿ ದೇಹ ಏನು ಮಾಡುತ್ತದೆ ಎಂಬುದನ್ನು ತುಂಬಬೇಕು. ಮಂಡಿಯೂರುವುದು, ಕತ್ತಿ ಎಳೆಯುವುದು, ಕುಸಿದು ಬೀಳುವುದು, ಮಗುವನ್ನು ಎತ್ತಿಕೊಳ್ಳುವುದು, ರಕ್ತ ಸೋರುವುದು, ಪತ್ರ ಬಚ್ಚಿಡುವುದು ಇವೆಲ್ಲ ಉಡುಪಿನ ಬೇಡಿಕೆಗಳೇ ಆಗಿವೆ. ಪತ್ರದ ವಿಷಯವನ್ನೇ ನೋಡಿ. 18ನೇ ಶತಮಾನದ ಯುರೋಪಿಯನ್ ಮಹಿಳೆಯರ ಜೇಬು ಲಂಗಕ್ಕೆ ಹೊಲಿದಿರುತ್ತಿರಲಿಲ್ಲ. ಅದೊಂದು ಬೇರೆಯೇ ಚೀಲವಾಗಿದ್ದು, ಲಾಡಿಯಿಂದ ಸೊಂಟಕ್ಕೆ ಕಟ್ಟಿಕೊಂಡು ಅದರ ಮೇಲೆ ಲಂಗ ತೊಡುತ್ತಿದ್ದರು, ಪಕ್ಕದ ಸೀಳಿನ ಮೂಲಕ ಕೈ ಹಾಕುತ್ತಿದ್ದರು. ಆ ಕಾಲದ ನಾಯಕಿ ಪತ್ರವನ್ನು ಅಡಗಿಸುವ ಭಂಗಿ ಇಂದಿನ ಜೇಬಿಗೆ ಕೈ ಇಳಿಸುವ ಭಂಗಿಯಂತಿರಲು ಸಾಧ್ಯವಿಲ್ಲ. ಇಂಥದ್ದನ್ನು ವಿನ್ಯಾಸಕರು ಮೊದಲೇ ತಿಳಿಸಿದರೆ ನಟಿಗೂ ನಿರ್ದೇಶಕರಿಗೂ ಒಂದು ಹೊಸ ಅಭಿನಯದ ಅವಕಾಶ ಸಿಗುತ್ತದೆ.

ಕಾಲವನ್ನು ಗೊತ್ತುಮಾಡುವಾಗ ಶತಮಾನ ಸಾಲದು, ವರ್ಷವೇ ಬೇಕು. ‘19ನೇ ಶತಮಾನದ ಯುರೋಪು’ ಎಂಬ ಮಾತಿನಿಂದ ಉಡುಪಿನ ಮಟ್ಟಿಗೆ ಏನೂ ತಿಳಿಯುವುದಿಲ್ಲ. 1805ರಲ್ಲಿ ಸೊಂಟದ ಗೆರೆ ಎದೆಗೆ ತಾಗಿದಂತಿದ್ದು ತೆಳು ಬಟ್ಟೆ ನೇರವಾಗಿ ಇಳಿಬೀಳುತ್ತಿತ್ತು. 1830ರ ಸುಮಾರಿಗೆ ತೋಳುಗಳು ಬಲೂನಿನಷ್ಟು ಉಬ್ಬಿದವು. 1860ರಲ್ಲಿ ಉಕ್ಕಿನ ಬಳೆಗಳ ಪಂಜರದ ಮೇಲೆ ಲಂಗ ಗೋಪುರದಂತೆ ನಿಂತಿತು. 1885ರ ಹೊತ್ತಿಗೆ ಆ ಸುತ್ತಳತೆಯೆಲ್ಲ ಕರಗಿ, ಬಟ್ಟೆಯ ರಾಶಿ ಬೆನ್ನಿನ ಕೆಳಗೆ ಮಾತ್ರ ಹೊರಚಾಚಿತು. ಒಂದೇ ರಂಗದ ಮೇಲೆ ಇವುಗಳನ್ನು ಬೆರೆಸಿದರೆ ಇತಿಹಾಸ ಗೊತ್ತಿಲ್ಲದ ಪ್ರೇಕ್ಷಕನಿಗೂ ಏನೋ ಹೊಂದುತ್ತಿಲ್ಲ ಎಂದು ಅನ್ನಿಸದೆ ಇರದು.

ಹಾಗೆಂದು ವರ್ಷ ಗೊತ್ತಾದೊಡನೆ ಎಲ್ಲರಿಗೂ ಅದೇ ವರ್ಷದ ಉಡುಪು ತೊಡಿಸುವುದೂ ತಪ್ಪೇ. 1885ರ ಒಂದು ಸ್ಥಿತಿವಂತ ಮನೆಯನ್ನು ಕಲ್ಪಿಸಿಕೊಳ್ಳಿ. ಮದುವೆಯ ವಯಸ್ಸಿನ ಮಗಳು ಆ ವರ್ಷದ ಹೊಸ ಮಾದರಿಯಲ್ಲಿರುತ್ತಾಳೆ. ತಾಯಿಯದು ನಾಲ್ಕೈದು ವರ್ಷ ಹಳೆಯದು, ಅಲ್ಲಲ್ಲಿ ತಿದ್ದಿ ಹೊಲಿದದ್ದು. ಅಜ್ಜಿ ತನ್ನ ನಡುವಯಸ್ಸಿನಲ್ಲಿ ಒಗ್ಗಿದ ಆಕಾರವನ್ನು ಬಿಟ್ಟುಕೊಟ್ಟಿರುವುದಿಲ್ಲ. ಕೆಲಸದಾಕೆಯ ಲಂಗಕ್ಕೆ ಹಿಂಬದಿಯ ಉಬ್ಬೇ ಇಲ್ಲ, ಅದು ಪಾದದಿಂದ ಒಂದು ಗೇಣು ಮೇಲಿರಬಹುದು, ಏಕೆಂದರೆ ಆಕೆ ಮೆಟ್ಟಿಲು ಹತ್ತಿ ಇಳಿಯಬೇಕು, ನೆಲ ಒರೆಸಬೇಕು. ವಯಸ್ಸು, ಹಣ, ದುಡಿಮೆ ಈ ಮೂರೂ ಉಡುಪಿನಲ್ಲಿ ಹೀಗೆ ಬೇರೆಬೇರೆಯಾಗಿ ಕಂಡಾಗ ಮಾತ್ರ ಅದು ಜನ ಬದುಕಿದ ಮನೆಯಾಗುತ್ತದೆ.

ಆಕರಗಳನ್ನು ನಂಬುವ ಮುನ್ನ

ವರ್ಣಚಿತ್ರ, ಶಿಲ್ಪ, ಛಾಯಾಚಿತ್ರ, ಉಳಿದುಬಂದ ಉಡುಪು, ಪತ್ರ, ಮರಣಶಾಸನ, ಮನೆಯ ಲೆಕ್ಕದ ಪುಸ್ತಕ ಇವೆಲ್ಲವೂ ಆಕರಗಳು, ಆದರೆ ಪ್ರತಿಯೊಂದೂ ತನ್ನದೇ ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಭಾವಚಿತ್ರಕ್ಕೆ ಕುಳಿತವರು ಎಷ್ಟೋ ಸಲ ತಮ್ಮ ಕಾಲದ ಉಡುಪನ್ನು ಬಿಟ್ಟು, ಪ್ರಾಚೀನರಂತೆ ಕಾಣುವ ಕಾಲ್ಪನಿಕ ಉಡುಪು ತೊಟ್ಟಿರುತ್ತಾರೆ. ಪ್ರಾಚೀನ ಗ್ರೀಸ್ ಮತ್ತು ರೋಮಿನ ಶಿಲ್ಪಗಳಿಗೆ ಬಣ್ಣ ಬಳಿಯುತ್ತಿದ್ದರು. ಆ ಬಣ್ಣ ಉದುರಿ ಉಳಿದ ಬಿಳಿಯ ಕಲ್ಲನ್ನು ನೋಡಿ ಆ ಜನರೆಲ್ಲ ಬಿಳಿಯನ್ನೇ ಉಟ್ಟಿದ್ದರು ಎಂಬ ಕಲ್ಪನೆ ರಂಗದ ಮೇಲೆ ಬೇರೂರಿತು. 19ನೇ ಶತಮಾನದ ಛಾಯಾಚಿತ್ರದ ರಾಸಾಯನಿಕ ಲೇಪ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತಿದ್ದುದರಿಂದ, ಕೆಂಪು ಮತ್ತು ಹಳದಿ ಉಡುಪುಗಳು ಅದರಲ್ಲಿ ಕಡುಗಪ್ಪಾಗಿಯೂ ನೀಲಿ ಉಡುಪು ಮಾಸಲು ಬಿಳಿಯಾಗಿಯೂ ಮೂಡುತ್ತವೆ. ಅಂಥ ಚಿತ್ರದಲ್ಲಿ ಕಪ್ಪಾಗಿ ಕಂಡದ್ದನ್ನೆಲ್ಲ ಶೋಕದ ಉಡುಪೆಂದು ಭಾವಿಸಬಾರದು. ಸಂಗ್ರಹಾಲಯಗಳಲ್ಲಿ ಉಳಿದಿರುವುದು ಹೆಚ್ಚಾಗಿ ಮದುವೆಯ ಅಥವಾ ಸಮಾರಂಭದ ಉಡುಪು. ದಿನನಿತ್ಯದ್ದು ಹರಿಯುವವರೆಗೆ ಬಳಕೆಯಾಗಿ ಕೊನೆಗೆ ಚಿಂದಿಯಾಗಿ ಹೋಗಿದೆ. ದುಡಿಯುವ ಜನರ ಉಡುಪನ್ನು ಕಾಣಬೇಕಾದರೆ ಸಂತೆ, ಹೊಲ, ಅಡುಗೆಮನೆಗಳ ಚಿತ್ರಗಳ ಮೂಲೆಗಳನ್ನೂ, ವಸ್ತುಗಳ ಪಟ್ಟಿಗಳನ್ನೂ ತಾಳ್ಮೆಯಿಂದ ಹುಡುಕಬೇಕಾಗುತ್ತದೆ, ಮತ್ತು ಆ ಹುಡುಕಾಟ ಎಂದೂ ವ್ಯರ್ಥವಾಗುವುದಿಲ್ಲ.

ಐತಿಹಾಸಿಕ ಚಲನಚಿತ್ರಗಳನ್ನಂತೂ ಆಕರವೆಂದು ಬಳಸಲೇಬೇಡಿ. ಪ್ರತಿ ಚಿತ್ರವೂ ತಾನು ತಯಾರಾದ ದಶಕದ ಸೌಂದರ್ಯದ ಕಲ್ಪನೆಯನ್ನು ತನಗರಿವಿಲ್ಲದೆ ಹೊತ್ತಿರುತ್ತದೆ, ಮುಖ್ಯವಾಗಿ ಕೇಶವಿನ್ಯಾಸದಲ್ಲಿ ಮತ್ತು ಮುಖದ ಪ್ರಸಾಧನದಲ್ಲಿ. ರಂಗದ ಮೇಲೂ ಇದೇ ಅಪಾಯವಿದೆ. ಅತಿ ನಿಷ್ಠೆಯಿಂದ ಹೊಲಿದ ಉಡುಪನ್ನು ಇಂದಿನ ಕ್ಷೌರದ ಒಂದೇ ಗೆರೆ ಹಾಳುಮಾಡಬಲ್ಲದು. ಹಾಗಾಗಿ ಕೂದಲನ್ನು ಉಡುಪಿನ ಭಾಗವೆಂದೇ ಎಣಿಸಿ ರೇಖಾಚಿತ್ರದಲ್ಲಿ ಬರೆಯಬೇಕು.

ಆಕಾರ ಕಟ್ಟುವುದು

ಈ ಕೆಲಸದ ಜೀವಾಳ ಇಲ್ಲಿದೆ. ಮೊದಲು ಪ್ರತಿ ಪಾತ್ರದ ಹೊರರೇಖೆಯನ್ನು ಕಪ್ಪು ಕಾಗದದಲ್ಲಿ ಕತ್ತರಿಸಿ, ಒಂದು ದೃಶ್ಯದಲ್ಲಿ ಬರುವವರನ್ನೆಲ್ಲ ಬಿಳಿ ಹಾಳೆಯ ಮೇಲೆ ಸಾಲಾಗಿ ಅಂಟಿಸಿ ನೋಡಿ. ಮುಖವಿಲ್ಲದೆ, ಬಣ್ಣವಿಲ್ಲದೆ, ಯಾರು ಒಡೆಯ, ಯಾರು ಆಳು, ಯಾರು ಪರಸ್ಥಳದವರು ಎಂಬುದು ಒಂದಿಷ್ಟಾದರೂ ತಿಳಿಯಬೇಕು; ಕಾಲವೂ ತಿಳಿಯಬೇಕು. ತಿಳಿಯದಿದ್ದರೆ ಬಣ್ಣ ತುಂಬಲು ಹೋಗಬೇಡಿ. ಇದಾದ ಮೇಲೆ ಪ್ರತಿ ಉಡುಪಿಗೂ ಮುಂಬದಿ, ಹಿಂಬದಿ ಮತ್ತು ಪಕ್ಕದ ನೋಟ ಮೂರನ್ನೂ ಬರೆಯಬೇಕು. ನಟರು ಪ್ರೇಕ್ಷಕರಿಗೆ ಬೆನ್ನು ತಿರುಗಿಸುತ್ತಾರೆ ಎಂಬುದನ್ನು ಮರೆತ ರೇಖಾಚಿತ್ರ ದರ್ಜಿಯನ್ನು ಊಹೆಗೆ ದೂಡುತ್ತದೆ.

ಆಕಾರವನ್ನು ಹೊರಬಟ್ಟೆ ಹಿಡಿದು ನಿಲ್ಲಿಸುವುದಿಲ್ಲ, ಒಳಗಿನದು ನಿಲ್ಲಿಸುತ್ತದೆ. ಬಳೆಗಳ ಲಂಗದ ಮೇಲೆ ಒಂದಾದರೂ ನೆರಿಗೆಯ ಒಳಲಂಗವಿಲ್ಲದಿದ್ದರೆ ಬಳೆಗಳ ಏಣು ಬೆಳಕಿನಲ್ಲಿ ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತದೆ. ಹಿಂಬದಿಯ ಉಬ್ಬಿಗೆ ಹತ್ತಿ ತುಂಬಿದ ಚಿಕ್ಕ ದಿಂಬು ಸಾಕಾಗಬಹುದು, ಅಥವಾ ಗಟ್ಟಿಯಾದ ಬಲೆಬಟ್ಟೆಯ ಹಲವು ಪದರಗಳು ಬೇಕಾಗಬಹುದು. ಬಿಗಿಯಾದ ಮೇಲುಡುಪಿನ ಒಳಗೆ ತೊಡುವ ಕಾರ್ಸೆಟ್ಟಿನ ಆಕಾರವೂ ಕಾಲದಿಂದ ಕಾಲಕ್ಕೆ ಬೇರೆ: 18ನೇ ಶತಮಾನದ್ದು ಮುಂಡವನ್ನು ತಲೆಕೆಳಗಾದ ಶಂಕುವಿನಂತೆ ಚಪ್ಪಟೆಗೊಳಿಸುತ್ತದೆ, 19ನೇ ಶತಮಾನದ ಉತ್ತರಾರ್ಧದ್ದು ನಡುವನ್ನು ಕಿರಿದಾಗಿಸಿ ಎದೆ ಮತ್ತು ನಿತಂಬಗಳನ್ನು ದುಂಡಗಾಗಿಸುತ್ತದೆ. ಒಂದರ ಮೇಲೆ ಇನ್ನೊಂದರ ಹೊರಬಟ್ಟೆ ಎಂದಿಗೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಅಳತೆ ತೆಗೆಯುವುದು ಒಳಕಟ್ಟು ಹೊಲಿದಾದ ಮೇಲೆ, ಅದನ್ನು ತೊಡಿಸಿ, ರಂಗದ ಮೇಲೆ ಹಾಕುವ ಪಾದರಕ್ಷೆಯನ್ನೂ ಹಾಕಿಸಿ. ಕಾರ್ಸೆಟ್ಟಿನ ಅಳತೆಗಾಗಿ ನಟಿ ಆಳವಾಗಿ ಉಸಿರೆಳೆದುಕೊಂಡಾಗಿನ ಸುತ್ತಳತೆಯನ್ನೂ ಬರೆದುಕೊಳ್ಳಿ. ಮಾತು ಮತ್ತು ಹಾಡು ಪಕ್ಕೆಲುಬುಗಳ ಹಿಗ್ಗುವಿಕೆಯಿಂದ ಬರುವುದರಿಂದ ಅಲ್ಲಿ ಬಿಗಿಯುವಂತಿಲ್ಲ. ನಡುವನ್ನು ಹಿಂಸಿಸಿ ಕಿರಿದಾಗಿಸುವ ಬದಲು ಅದರ ಮೇಲೆ ಮತ್ತು ಕೆಳಗೆ ಮೆತ್ತೆ ಕೊಟ್ಟರೆ ನಡು ತಾನಾಗಿ ಸಣ್ಣದಾಗಿ ಕಾಣುತ್ತದೆ.

ಕತ್ತರಿಕೆಯಲ್ಲಿ ಕಾಲ ಅಡಗಿರುವ ಜಾಗ ಕಂಕುಳು. 18ನೇ ಶತಮಾನದ ಮತ್ತು 19ನೇ ಶತಮಾನದ ಮೊದಲ ದಶಕಗಳ ಪುರುಷರ ಕೋಟಿನಲ್ಲಿ ತೋಳು ಸೇರುವ ಕಿಂಡಿ ಚಿಕ್ಕದು, ಕಂಕುಳಿಗೆ ಹತ್ತಿರವಾಗಿ ಎತ್ತರದಲ್ಲಿದೆ. ಬೆನ್ನಿನ ಭಾಗ ಕಿರಿದು, ಭುಜದ ಹೊಲಿಗೆ ಬೆನ್ನಿನ ಕಡೆಗೆ ಸರಿದಿದೆ. ಅಂಥ ಕೋಟು ತೊಟ್ಟವನ ಭುಜಗಳು ತಾವಾಗಿ ಹಿಂದಕ್ಕೆ ಸರಿಯುತ್ತವೆ, ಎದೆ ಮುಂದೆ ಬರುತ್ತದೆ. ಇಂದಿನ ಕೋಟಿನ ಕಾಗದದ ಅಚ್ಚಿಗೆ ಉದ್ದ ಬಾಲ ಸೇರಿಸಿ ಹೊಲಿದರೆ ಈ ನಿಲುವು ಬರುವುದೇ ಇಲ್ಲ. ಜೊತೆಗೆ ಕಿಂಡಿ ಕೆಳಗಿರುವುದರಿಂದ ನಟ ಕೈ ಎತ್ತಿದಾಗಲೆಲ್ಲ ಇಡೀ ಕೋಟು ಮೇಲೇಳುತ್ತದೆ. 1850ರ ಸುಮಾರಿನ ಮಹಿಳೆಯರ ರವಿಕೆಗಳಲ್ಲಿ ಭುಜದ ಹೊಲಿಗೆ ತೋಳಿನ ಮೇಲಕ್ಕೆ ಇಳಿದಿದ್ದು, ಕೈಯನ್ನು ಭುಜಕ್ಕಿಂತ ಮೇಲೆತ್ತುವುದೇ ಕಷ್ಟ. ಪಾತ್ರ ಕೈ ಎತ್ತಲೇಬೇಕಾದರೆ ಕಂಕುಳಿನಲ್ಲಿ ಅದೇ ಬಣ್ಣದ, ಹಿಗ್ಗುವ ಬಟ್ಟೆಯ ಚೌಕದ ತುಂಡೊಂದನ್ನು ಸೇರಿಸಿ. ಹೊರಗಿನಿಂದ ಅದು ಕಾಣುವುದಿಲ್ಲ. ಹಳೆಯ ಅಂಗಿ ಮತ್ತು ಒಳನಿಲುವಂಗಿಗಳಲ್ಲಂತೂ ಕಂಕುಳಿನ ಈ ಚೌಕ ಸಹಜವಾಗಿಯೇ ಇರುತ್ತಿತ್ತು, ಏಕೆಂದರೆ ಬಟ್ಟೆ ಪೋಲಾಗದಂತೆ ಅವನ್ನು ಬರೀ ಆಯತ, ಚೌಕ, ತ್ರಿಕೋನಗಳಾಗಿ ಕತ್ತರಿಸುತ್ತಿದ್ದರು. ಹೊಸದಾಗಿ ಕಲಿಯುವವರು ಅಂಥ ಅಂಗಿಯಿಂದಲೇ ಆರಂಭಿಸುವುದು ಒಳ್ಳೆಯದು.

ಹೊಲಿಗೆಯಿಲ್ಲದೆ ಸುತ್ತಿಕೊಳ್ಳುವ ಉಡುಪುಗಳ ವಿಷಯ ಬೇರೆ. ರೋಮನ್ನರ ಟೋಗಾ ಒಂದು ಬದಿ ಬಾಗಿದ ಅಂಚಿನ, ಮೈಯುದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಉಣ್ಣೆಯ ಬಟ್ಟೆ; ಹಾಸಿಗೆಯ ಹೊದಿಕೆಯ ಚೌಕದಿಂದ ಆ ಇಳಿಬಾಗು ಬರುವುದಿಲ್ಲ. ಇಂಥ ಉಡುಪಿನಲ್ಲಿ ನೆರಿಗೆಗಳ ಬೀಳುವಿಕೆಯೇ ಸೌಂದರ್ಯವಾದ್ದರಿಂದ ಬಟ್ಟೆಗೆ ತೂಕವಿರಬೇಕು, ಮೆದುತನವೂ ಇರಬೇಕು. ಪ್ರತಿ ಪ್ರದರ್ಶನದಲ್ಲೂ ಒಂದೇ ರೀತಿ ಕೂರಬೇಕಾದರೆ ನೆರಿಗೆಗಳನ್ನು ಒಳಗಿನ ಪಟ್ಟಿಗೆ ಕೈಯಿಂದ ಹೊಲಿದುಬಿಡಿ, ಭುಜದ ಬಳಿ ಒಳ ಅಂಗಿಗೆ ಕೊಕ್ಕೆ ಸಿಕ್ಕಿಸಿ. ಆದರೆ ಪಾತ್ರಧಾರಿಗೆ ಮೊದಲು ಹೊಲಿಯದ ಬಟ್ಟೆಯನ್ನೇ ಉಟ್ಟು ಓಡಾಡಲು ಬಿಡಬೇಕು. ಜಾರುವ ಅಂಚನ್ನು ಕೈ ಹೇಗೆ ಹಿಡಿಯುತ್ತದೆ ಎಂಬುದನ್ನು ಅವರ ದೇಹ ಕಲಿತ ಮೇಲೆ ಹೊಲಿದರೂ ಆ ಸಹಜತೆ ಉಳಿಯುತ್ತದೆ.

ಹೊರಬಟ್ಟೆಗೆ ಕತ್ತರಿ ಹಾಕುವ ಮುನ್ನ ಅಗ್ಗದ ಕೋರಾ ಬಟ್ಟೆಯಲ್ಲಿ ಇಡೀ ಉಡುಪಿನ ಪ್ರತಿ ತಯಾರಿಸಿ, ಕಚ್ಚಾ ಹೊಲಿಗೆ ಹಾಕಿ, ನಟರಿಗೆ ತೊಡಿಸಿ ತಿದ್ದಿಕೊಳ್ಳುವುದನ್ನು ಯಾವ ಅವಸರದಲ್ಲೂ ಬಿಡಬಾರದು. ಪಕ್ಕದ ಮತ್ತು ಬೆನ್ನಿನ ಹೊಲಿಗೆಗಳಲ್ಲಿ ನಾಲ್ಕೈದು ಸೆಂಟಿಮೀಟರ್ ಬಟ್ಟೆ ಒಳಗೆ ಬಿಡಿ. ಪಾತ್ರಧಾರಿ ಬದಲಾದರೆ ಅಥವಾ ಉಡುಪು ಮುಂದಿನ ನಾಟಕಕ್ಕೆ ಬೇಕಾದರೆ ಇದು ನೆರವಾಗುತ್ತದೆ.

ಬಟ್ಟೆ, ಬಣ್ಣ, ಬೆಳಕು

ಬಟ್ಟೆಯನ್ನು ಅಂಗೈಯಗಲದ ತುಂಡಿನಲ್ಲಿ ನೋಡಿ ಆರಿಸಬೇಡಿ. ಮೀಟರುಗಟ್ಟಲೆ ಬಿಚ್ಚಿಸಿ, ಎತ್ತಿ ಹಿಡಿದು, ಅದು ಹೇಗೆ ಬೀಳುತ್ತದೆ, ಎಳೆದಾಗ ಹೇಗೆ ಚಲಿಸುತ್ತದೆ, ಯಾವ ಸದ್ದು ಮಾಡುತ್ತದೆ ಎಂದು ಪರೀಕ್ಷಿಸಬೇಕು. ಹತ್ತಿ, ಉಣ್ಣೆ, ಲಿನನ್, ರೇಷ್ಮೆಗಳ ತೂಕವೂ ಅವು ಬೆಳಕನ್ನು ಹೀರುವ ಬಗೆಯೂ ಪಾಲಿಯೆಸ್ಟರಿಗೆ ಬರುವುದಿಲ್ಲ. ಪಾಲಿಯೆಸ್ಟರ್ ರಂಗದ ದೀಪದಡಿ ಒಂದೇ ಸಮನೆ ಮಿರುಗುತ್ತದೆ, ನಟರನ್ನು ಬೆವರಿಸುತ್ತದೆ. ಹಣ ಕಡಿಮೆಯಿದ್ದಾಗ ದುಬಾರಿ ರೇಷ್ಮೆಯ ಬದಲು ದಪ್ಪ ಪರದೆಯ ಬಟ್ಟೆಯನ್ನೋ ಹಳೆಯ ಉಣ್ಣೆಯ ಹೊದಿಕೆಯನ್ನೋ ಬಣ್ಣ ಹಾಕಿ ಬಳಸುವುದು ನಕಲಿ ಹೊಳಪಿನ ಬಟ್ಟೆಗಿಂತ ಎಷ್ಟೋ ಮೇಲು.

ಬಣ್ಣಕ್ಕೂ ಇತಿಹಾಸವಿದೆ. 1856ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿಯುವವರೆಗೆ ಬಟ್ಟೆಯ ಬಣ್ಣಗಳು ಬಹುತೇಕ ಗಿಡ, ಬೇರು, ಕೀಟಗಳಿಂದ ಬರುತ್ತಿದ್ದವು. ಅದರರ್ಥ ಹಿಂದಿನವರು ಮಣ್ಣುಬಣ್ಣವನ್ನೇ ಉಡುತ್ತಿದ್ದರು ಎಂದಲ್ಲ. ನೀಲಿ, ಮಂಜಿಷ್ಠದ ಕೆಂಪು, ಕೀಟಗಳಿಂದ ಬರುವ ಕಡುಗೆಂಪು ಇವು ಗಾಢವಾದ ಬಣ್ಣಗಳೇ. ಆದರೆ ಕಣ್ಣು ಕುಕ್ಕುವ ಗುಲಾಬಿ, ಫ್ಲೋರೆಸೆಂಟ್ ಹಸಿರುಗಳು ಅಲ್ಲಿರಲಿಲ್ಲ. ಅಚ್ಚ ಬಿಳಿ ರಂಗದ ಮೇಲೆ ಉರಿದಂತಾಗಿ ನಟರ ಮುಖವನ್ನು ಮಂಕಾಗಿಸುತ್ತದೆ. ಅಂಥ ಬಟ್ಟೆಯನ್ನು ಚಹಾದ ಡಿಕಾಕ್ಷನ್ನಿನಲ್ಲೋ ತೆಳುವಾದ ಬೂದುಬಣ್ಣದಲ್ಲೋ ಅದ್ದಿ ತೆಗೆದರೆ ಪ್ರೇಕ್ಷಕರಿಗೆ ಅದು ಹಿತವಾದ ಬಿಳಿಯಾಗಿಯೇ ಕಾಣುತ್ತದೆ.

ಯಾವ ಬಣ್ಣವನ್ನೂ ಬೆಳಕಿನ ವಿನ್ಯಾಸಕರ ಜೊತೆ ಕುಳಿತು ನೋಡದೆ ಅಂತಿಮಗೊಳಿಸಬಾರದು. ನೀಲಿ ಬೆಳಕಿನಲ್ಲಿ ಕೆಂಪು ಬಟ್ಟೆ ಕಪ್ಪಾಗುತ್ತದೆ. ಹಳದಿ ಮಿಶ್ರಿತ ಬೆಚ್ಚನೆಯ ಬೆಳಕಿನಲ್ಲಿ ಗಾಢ ನೀಲಿ ಬೂದಿಯಾಗಿ ಬಿಡುತ್ತದೆ. ಎಲ್‌ಇಡಿ ದೀಪಗಳ ಬೆಳಕಿನ ರಚನೆ ಹಳೆಯ ಹ್ಯಾಲೋಜೆನ್ ದೀಪಗಳಿಗಿಂತ ಬೇರೆಯಾದ್ದರಿಂದ, ಹಗಲಿನಲ್ಲಿ ಒಂದೇ ಬಣ್ಣದಂತಿದ್ದ ಕೋಟು ಮತ್ತು ಷರಾಯಿ ರಂಗದ ಮೇಲೆ ಎರಡು ಬಣ್ಣಗಳಾಗಿ ಕಾಣುವುದೂ ಉಂಟು.

ಹೊಲಿಗೆಯ ಸಣ್ಣ ವಿವರಗಳಲ್ಲಿ ಎಲ್ಲಿ ಪಟ್ಟು ಹಿಡಿಯಬೇಕು ಎಂಬುದಕ್ಕೆ ನನ್ನ ಅಳತೆಗೋಲು ಸರಳ: ಮುಂದಿನ ಸಾಲಿನವರಿಗೆ ಕಾಣುವಂಥದ್ದು ಕಾಲಕ್ಕೆ ತಕ್ಕಂತಿರಬೇಕು, ಕಾಣದ್ದು ಅನುಕೂಲಕ್ಕೆ ತಕ್ಕಂತಿರಬಹುದು. ಹೊಲಿಗೆಯಂತ್ರ ಬಳಕೆಗೆ ಬಂದದ್ದು 19ನೇ ಶತಮಾನದ ಮಧ್ಯದಲ್ಲಿ. ಅದಕ್ಕಿಂತ ಹಿಂದಿನ ಉಡುಪಿನ ಒಳಹೊಲಿಗೆಯನ್ನು ಯಂತ್ರದಲ್ಲೇ ಹಾಕಿ, ಕಾಲರ್ ಮತ್ತು ಅಂಚುಗಳನ್ನು ಮಾತ್ರ ಕೈಯಿಂದ ಮಡಿಸಿ ಹೊಲಿಯಿರಿ. ಝಿಪ್ ಉಡುಪುಗಳಲ್ಲಿ ಸಾಮಾನ್ಯವಾದದ್ದು 1930ರ ದಶಕದಿಂದ. ಅದಕ್ಕೆ ಹಿಂದಿನ ಕಾಲದ ಬೆನ್ನಿನ ಮೇಲೆ ಝಿಪ್ಪಿನ ನೇರ ಗೆರೆ ಕಂಡರೆ ಭ್ರಮೆ ಒಡೆಯುತ್ತದೆ.

ತಾಲೀಮು ಮತ್ತು ವೇಷ ಬದಲಾವಣೆ

ಉಡುಪು ಕೊನೆಯ ವಾರದಲ್ಲಿ ನಟರ ಕೈ ಸೇರಿದರೆ ಅವರು ಅದರೊಂದಿಗೆ ಗುದ್ದಾಡುವುದನ್ನೇ ಪ್ರೇಕ್ಷಕರು ನೋಡಬೇಕಾಗುತ್ತದೆ. ತಾಲೀಮಿನ ಮೊದಲ ದಿನಗಳಿಂದಲೇ ಹಳೆಯ ಬಟ್ಟೆಯಲ್ಲಿ ಹೊಲಿದ ಅದೇ ಉದ್ದದ, ಅದೇ ಘೇರಿನ ಲಂಗ, ಒಂದು ಕೆಲಸಕ್ಕೆ ಬರುವ ಕೋಟು, ನಿಜವಾದ ಎತ್ತರದ ಹಿಮ್ಮಡಿಯ ಪಾದರಕ್ಷೆ ಇಷ್ಟನ್ನು ಒದಗಿಸಿ. ಬಳೆಗಳ ಲಂಗದವಳು ಬಾಗಿಲನ್ನು ಹೇಗೆ ದಾಟುತ್ತಾಳೆ, ಕುರ್ಚಿಯ ಅಂಚಿನಲ್ಲಿ ಹೇಗೆ ಕೂರುತ್ತಾಳೆ, ಕತ್ತಿ ಕಟ್ಟಿದವನು ತಿರುಗುವಾಗ ಒರೆಯನ್ನು ಹೇಗೆ ಒತ್ತಿಹಿಡಿಯುತ್ತಾನೆ ಎಂಬುದನ್ನು ಮಾತಿನಲ್ಲಿ ಹೇಳಿಕೊಡಲಾಗದು, ಉಡುಪೇ ಕಲಿಸಬೇಕು. ರಂಗಸಜ್ಜಿಕೆ ಮಾಡುವವರಿಗೂ ಲಂಗದ ಅಗಲವನ್ನು ಮೊದಲೇ ತಿಳಿಸಿ. ಬಾಗಿಲು ಕಿರಿದಾಗಿ ಕಟ್ಟಿದ ಮೇಲೆ ತಿದ್ದುವುದು ಕಷ್ಟ. ಪಾದರಕ್ಷೆಗಳ ಅಡಿಗೆ ತೆಳುವಾದ ರಬ್ಬರ್ ಅಂಟಿಸಿದರೆ ಜಾರುವುದೂ ತಪ್ಪುತ್ತದೆ, ಮರದ ಹಲಗೆಯ ಮೇಲಿನ ಟಕಟಕ ಸದ್ದೂ ಅಡಗುತ್ತದೆ.

ಅಳತೆ ನೋಡುವಾಗ ನಟರನ್ನು ಕನ್ನಡಿಯ ಮುಂದೆ ಸುಮ್ಮನೆ ನಿಲ್ಲಿಸಿ ಕಳುಹಿಸಬೇಡಿ. ಕೂರಿಸಿ, ಮಂಡಿಯೂರಿಸಿ, ಎರಡೂ ಕೈ ಎತ್ತಿಸಿ, ಪಾತ್ರದ ಅತ್ಯಂತ ಕಠಿಣ ಚಲನೆಯನ್ನು ಮಾಡಿಸಿ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಚುಚ್ಚುತ್ತದೆ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ನಂಬಿ. ನಿಸ್ತಂತು ಮೈಕ್ ಬಳಸುವ ಪ್ರಯೋಗವಾದರೆ ಅದರ ಪೆಟ್ಟಿಗೆಗೆ ಜೇಬೂ ತಂತಿಗೆ ದಾರಿಯೂ ಈ ಹಂತದಲ್ಲೇ ಗೊತ್ತಾಗಬೇಕು.

ಒಂದೆರಡು ನಿಮಿಷಗಳಲ್ಲಿ ಬದಲಾಯಿಸಬೇಕಾದ ಉಡುಪು ಬೇರೆಯದೇ ರೀತಿಯಲ್ಲಿ ಹುಟ್ಟಬೇಕು. ಅಂಗಿ, ಒಳಕೋಟು, ಕೊರಳವಸ್ತ್ರ ಮೂರನ್ನೂ ಒಂದಕ್ಕೊಂದು ಹೊಲಿದು ಒಂದೇ ತುಂಡಾಗಿಸಿ, ಮುಂದೆ ಸುಳ್ಳು ಗುಂಡಿಗಳನ್ನಿಟ್ಟು ಬೆನ್ನಿನಲ್ಲಿ ದೊಡ್ಡ ಪ್ರೆಸ್ ಬಟನ್ ಹಾಕಬಹುದು. ಮುಂದಿನ ದೃಶ್ಯದ ತೆಳು ಉಡುಪನ್ನು ಈಗಿನದರ ಒಳಗೇ ತೊಡಿಸಿಡಬಹುದು. ವೆಲ್ಕ್ರೋ ಬಿಚ್ಚುವ ಸದ್ದು ಮೌನದ ದೃಶ್ಯದಲ್ಲಿ ಕೊನೆಯ ಸಾಲಿನವರೆಗೂ ಕೇಳಿಸುವುದರಿಂದ ರಂಗದ ಪಕ್ಕದಲ್ಲೇ ಬದಲಾಯಿಸುವ ಉಡುಪಿಗೆ ಅದು ಬೇಡ. ಯಾವುದನ್ನು ಯಾರು ಬಿಚ್ಚುತ್ತಾರೆ, ಯಾವ ತೋಳು ಮೊದಲು ಎಂಬ ಕ್ರಮವನ್ನು ನಟರೂ ಸಹಾಯಕರೂ ಸೇರಿ ಬೆಳಕಿನಲ್ಲಿ ಅಭ್ಯಾಸ ಮಾಡಿ, ಬಳಿಕ ಮಬ್ಬಿನಲ್ಲಿ ಮಾಡಬೇಕು.

ಹೊಸ ಉಡುಪಿನ ಹೊಸತನವನ್ನು ಕಳೆಯುವುದು ಕೊನೆಯ ಹಂತದ ಕೆಲಸ. ಬಟ್ಟೆ ನಿಜವಾಗಿ ಎಲ್ಲಿ ಸವೆಯುತ್ತದೆ ಎಂದು ಯೋಚಿಸಿ: ಮೊಣಕೈ, ಮಂಡಿ, ಜೇಬಿನ ಬಾಯಿ, ಮುಂಗೈಯ ಅಂಚು, ಕೊರಳಪಟ್ಟಿಯ ಮಡಿಕೆ, ನೆಲ ಸವರುವ ಕೆಳ ಅಂಚು. ಅಲ್ಲಿ ಮಾತ್ರ ಉಪ್ಪುಕಾಗದ ಅಥವಾ ತಂತಿಯ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯ ಬಣ್ಣವನ್ನು ತೆಳುಮಾಡಿ ಪದರಪದರವಾಗಿ ಸಿಂಪಡಿಸಿ. ಕೆಳ ಅಂಚಿನ ಕೊಳೆ ಮೇಲಕ್ಕೆ ಹೋದಂತೆ ಕ್ರಮೇಣ ಕರಗಬೇಕು. ಗೆರೆ ಎಳೆದಂತೆ ನಿಂತರೆ ಅದು ಬಳಿದದ್ದೆಂದು ಗೊತ್ತಾಗಿಬಿಡುತ್ತದೆ. ಉಜ್ಜುವಾಗ ಏಳುವ ಧೂಳಿಗೆ ಮುಖಕವಚ ಧರಿಸುವುದು ಕಡ್ಡಾಯ. ಒಂದು ಸಲ ಉಜ್ಜಿದ್ದನ್ನು ಹಿಂದಿರುಗಿಸಲಾಗದ್ದರಿಂದ ಪ್ರತಿ ಪದರದ ನಂತರ ಉಡುಪನ್ನು ರಂಗದ ಮೇಲೆ ತೂಗುಹಾಕಿ, ದೀಪ ಹಾಕಿಸಿ, ಪ್ರೇಕ್ಷಾಗೃಹದ ಹಿಂಬದಿಗೆ ಹೋಗಿ ನೋಡಿ ಬರಬೇಕು.

ಪ್ರದರ್ಶನಗಳು ಆರಂಭವಾದ ಮೇಲೆ ಭಾರವಾದ ಹೊರ ಉಡುಪುಗಳನ್ನು ಪದೇ ಪದೇ ಒಗೆಯಲಾಗದು. ಮೈಗೆ ತಾಗುವಂತೆ ಹತ್ತಿಯ ಒಳ ಅಂಗಿಯನ್ನು ಪ್ರತಿ ನಟರಿಗೂ ಎರಡು ಜೊತೆ ಹೊಲಿಸಿ, ಅವನ್ನು ದಿನವೂ ಒಗೆಯಿರಿ. ಕಂಕುಳಿನ ಒಳಗೆ ಬಿಚ್ಚಿ ತೆಗೆಯಬಹುದಾದ ಬಟ್ಟೆಯ ಮೆತ್ತೆಗಳನ್ನು ಟಾಕು ಹಾಕಿ ಕೂರಿಸಿ. ಪ್ರತಿ ಉಡುಪಿನ ಒಳಪಟ್ಟಿಯ ಮೇಲೆ ಪಾತ್ರದ ಹೆಸರು, ದೃಶ್ಯದ ಸಂಖ್ಯೆ, ಒಗೆಯುವ ಬಗೆಯನ್ನು ಬರೆದು, ಹೊರಬಟ್ಟೆ, ಲೈನಿಂಗ್, ದಾರ, ಗುಂಡಿಗಳ ಮಾದರಿಯನ್ನು ಒಂದು ವಹಿಯಲ್ಲಿ ಅಂಟಿಸಿಡಿ. ಪ್ರದರ್ಶನ ಮುಗಿದ ರಾತ್ರಿ ಹರಿದದ್ದನ್ನು ಮರುದಿನ ಬೆಳಿಗ್ಗೆ ಸರಿಪಡಿಸುವವರು ನೀವೇ ಆಗಿರಬೇಕೆಂದೇನೂ ಇಲ್ಲ, ಆ ವಹಿಯನ್ನು ನೋಡಿ ಯಾರಾದರೂ ಅದೇ ದಾರದಿಂದ ಹೊಲಿಯುವಂತಿರಬೇಕು.